ಮೊದಲು ಒಂದು ರೊಟ್ಟಿ

(ಧಾರವಾಡದ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಮನಸ್ಸಿನ ಆರೋಗ್ಯ ಮತ್ತು ಸಹಜ ಚಿಕಿತ್ಸೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಔಷಧಿ ಬರೆದುಕೊಡುವುದು ವೈದ್ಯರ ಕೆಲಸ. ರೋಗಿಯ ಜೊತೆ, ಅದಕ್ಕಿಂತ ಹೆಚ್ಚಾಗಿ ರೋಗಿಯ ಮನೆಮಂದಿಯ ಜೊತೆ ಕುಳಿತು ಮಾತನಾಡುವುದು ನನ್ನ ಕೆಲಸ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬರುವ ಕುಟುಂಬಗಳು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಗುಳಿಗೆ ಇಲ್ಲದೆ ಕಡಿಮೆ ಆಗುವುದಿಲ್ಲವೇ?’ ಆ ಪ್ರಶ್ನೆಯ ಹಿಂದೆ ದೊಡ್ಡ ಹೆದರಿಕೆ ಇರುತ್ತದೆ. ಗುಳಿಗೆ ಒಮ್ಮೆ ಶುರುವಾದರೆ ಸಾಯುವತನಕ ಬಿಡುವ ಹಾಗಿಲ್ಲವೇನೋ, ಮಗಳಿಗೆ ಗಂಡು ಸಿಗುವುದಿಲ್ಲವೇನೋ, ಓಣಿಯವರು ಆಡಿಕೊಳ್ಳುತ್ತಾರೇನೋ. ಈ ಊರಿನಲ್ಲಿ 1845ರಲ್ಲಿ ಶುರುವಾದ ಆಸ್ಪತ್ರೆ ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಆಗಿದೆ. ಆದರೂ ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರು ಜನರ ನಾಲಿಗೆಯಿಂದ ಪೂರ್ತಿ ಹೋಗಿಲ್ಲ. ಹೀಗಿರುವಾಗ ಜನ ಗಿಡಮೂಲಿಕೆ, ಯೋಗ, ಕಷಾಯ ಎಂದು ಹುಡುಕಿಕೊಂಡು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ಗದರಿಸಿ ಪ್ರಯೋಜನವೂ ಇಲ್ಲ.

ಆ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ಮನುಷ್ಯ ಕಷ್ಟಪಟ್ಟಾದರೂ ಎದ್ದು ಕೆಲಸಕ್ಕೆ ಹೋಗುತ್ತಿದ್ದರೆ, ಉಣ್ಣುತ್ತಿದ್ದರೆ, ಮಾತಿಗೆ ಮಾತು ಕೊಡುತ್ತಿದ್ದರೆ, ಅಂಥ ಸೌಮ್ಯವಾದ ಖಿನ್ನತೆ ಮತ್ತು ಆತಂಕದಿಂದ ಗುಳಿಗೆ ಇಲ್ಲದೆಯೂ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಅದಕ್ಕಿಂತ ಒಂದು ಮೆಟ್ಟಿಲು ಹೆಚ್ಚಾದಾಗ ಆಪ್ತಸಮಾಲೋಚನೆ, ಔಷಧಿ, ದಿನಚರಿ ಇವುಗಳಲ್ಲಿ ಯಾವುದು ಎಷ್ಟು ಬೇಕೆಂದು ವೈದ್ಯರ ಜೊತೆ ಕುಳಿತು ನಿರ್ಧರಿಸಬೇಕು. ಯಾರಿಗೂ ಕೇಳಿಸದ ದನಿಗಳು ಕೇಳಿಸುವುದು, ದಿನಗಟ್ಟಲೆ ನಿದ್ದೆಯಿಲ್ಲದೆ ವಿಪರೀತ ಹುಮ್ಮಸ್ಸಿನಲ್ಲಿ ಹಣ ಚೆಲ್ಲುವುದು, ಅನ್ನ ನೀರು ಬಿಡುವುದು, ಸಾಯುವ ಮಾತು ಆಡುವುದು ಕಂಡರೆ ಬಿಸಿಲು, ಪ್ರಾಣಾಯಾಮ ಎಂದು ದಿನ ದೂಡಬಾರದು. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನಸ್ಸಿನ ಬೇನೆಯಂತೆ ಕಾಣುವುದೆಲ್ಲ ಮನಸ್ಸಿನಲ್ಲೇ ಹುಟ್ಟಿದ್ದಾಗಿರುವುದಿಲ್ಲ. ಥೈರಾಯ್ಡ್ ಗ್ರಂಥಿ ಸೋಮಾರಿಯಾದರೆ ಮನುಷ್ಯ ಮಂಕಾಗುತ್ತಾನೆ, ಮೈ ಭಾರವಾಗುತ್ತದೆ, ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ. ರಕ್ತಹೀನತೆ ಇರುವ ಹೆಣ್ಣುಮಗಳು ಮಧ್ಯಾಹ್ನದ ಹೊತ್ತಿಗೇ ಸೋತು ಕೂರುತ್ತಾಳೆ. ಬಿ12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು, ಮೊಟ್ಟೆ, ಮೀನು, ಮಾಂಸದಿಂದ. ಮಾಂಸ, ಮೊಟ್ಟೆ ಮುಟ್ಟದ ಮನೆಗಳು ನಮ್ಮ ಭಾಗದಲ್ಲಿ ಬಹಳ ಇವೆ. ಅಲ್ಲಿ ವಯಸ್ಸಾದವರು ಹಾಲು, ಮೊಸರನ್ನೂ ಕಡಿಮೆ ಮಾಡಿದರೆ ಕೊರತೆ ಆಗುವ ಸಂಭವ ಹೆಚ್ಚು. ಮರೆವು, ಸಿಡುಕು, ಕೈಕಾಲು ಜುಮುಗುಡುವುದು, ಖಿನ್ನತೆ ಎಲ್ಲವೂ ಅದರಿಂದ ಬರಬಹುದು. ಸಹಜ ಚಿಕಿತ್ಸೆ ಎಂದು ಹೊರಡುವವರು ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಿಸಿಲು, ನಡಿಗೆ, ಹಿತವಾದ ಊಟ, ಹೊತ್ತಿಗೆ ಸರಿಯಾದ ನಿದ್ದೆ, ಹಾಡು, ನಾಲ್ಕು ಜನರ ಒಡನಾಟ ಇವುಗಳಿಗೆಲ್ಲ ನಿಜವಾಗಿಯೂ ಶಕ್ತಿ ಇದೆ. ಆದರೆ ಮನೆಗಳಲ್ಲಿ ಇವು ಕೆಲಸ ಮಾಡದೆ ಸೋಲುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಸೋಲುವ ಕಾರಣವೂ ಕಣ್ಣೆದುರೇ ಇರುತ್ತದೆ: ನಾವು ಇವನ್ನು ಉಪದೇಶವಾಗಿ ಕೊಡುತ್ತೇವೆ. ‘ವಾಕಿಂಗ್ ಹೋಗು’, ‘ಧ್ಯಾನ ಮಾಡು’, ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತೇವೆ. ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಯಾವುದಾದರೂ ಕೆಲಸವನ್ನು ಶುರುಮಾಡುವ ಶಕ್ತಿಯನ್ನು. ಆ ಶಕ್ತಿಯೇ ಇಲ್ಲದವರಿಗೆ ‘ಶುರುಮಾಡು’ ಎಂದು ಹೇಳಿ ನಾವು ಟಿವಿ ಮುಂದೆ ಕುಳಿತರೆ, ಅವರಿಗೆ ಉಳಿಯುವುದು ಇನ್ನೊಂದು ಅಪರಾಧಿ ಭಾವ. ‘ಅಷ್ಟು ಸಣ್ಣ ಕೆಲಸವೂ ನನ್ನಿಂದ ಆಗಲಿಲ್ಲ’ ಎಂದು ಅವರು ಇನ್ನಷ್ಟು ಕುಗ್ಗುತ್ತಾರೆ.

ಒಂದು ಮನೆಯ ಸಂಗತಿ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗದಗ–ಬೆಟಗೇರಿ ಕಡೆಯ ನೇಕಾರರ ಮನೆ. ಐವತ್ತು ದಾಟಿದ ತಾಯಿ. ಕಿರಿಯ ಮಗ ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಅವರಿಗೆ ನಿದ್ದೆ ಹತ್ತದಾಯಿತು, ಊಟ ಸೇರದಾಯಿತು. ಹಿರಿಯ ಮಗ, ಸೊಸೆ ಇಬ್ಬರೂ ಒಳ್ಳೆಯವರು. ಪ್ರೀತಿಯಿಂದಲೇ ಅವರ ಕೈಯಿಂದ ಒಂದೊಂದಾಗಿ ಕೆಲಸಗಳನ್ನು ತೆಗೆದುಕೊಂಡರು. ‘ಅತ್ತೆ, ನೀವು ಆರಾಮ ಮಾಡಿರಿ’ ಎಂದು ಸೊಸೆ ಒಲೆ ಬಳಿ ಬರಗೊಡಲಿಲ್ಲ. ‘ಅವ್ವ, ಸಂತೆಗೆ ನಾನೇ ಹೋಗುತ್ತೇನೆ’ ಎಂದು ಮಗ ಚೀಲ ತೆಗೆದುಕೊಂಡ. ಕೆಲವೇ ವಾರಗಳಲ್ಲಿ ಆ ತಾಯಿ ಒಳಕೋಣೆಯ ಹಾಸಿಗೆ ಬಿಟ್ಟು ಏಳದಂತಾದರು. ಆಸ್ಪತ್ರೆಯಲ್ಲಿ ಗುಳಿಗೆ ಬರೆದುಕೊಟ್ಟರು, ನಿದ್ದೆ ಸ್ವಲ್ಪ ಸುಧಾರಿಸಿತು. ಆದರೆ ಹಗಲೆಲ್ಲ ಗೋಡೆ ನೋಡುತ್ತ ಮಲಗಿರುವುದು ತಪ್ಪಲಿಲ್ಲ. ನಾನು ಮಾತನಾಡಿಸಿದಾಗ ಅವರು ಹೇಳಿದ್ದು ಇಷ್ಟು: ‘ಈ ಮನೆಯಲ್ಲಿ ನನ್ನಿಂದ ಆಗಬೇಕಾದದ್ದು ಇನ್ನೇನೂ ಇಲ್ಲ.’

ಸೊಸೆಗೆ ನಾನು ಹೇಳಿದೆ: ನಾಳೆ ಬೆಳಿಗ್ಗೆ ಹಿಟ್ಟು ನೀವೇ ನಾದಿರಿ, ಹಂಚು ನೀವೇ ಕಾಯಿಸಿರಿ. ಅತ್ತೆಯವರನ್ನು ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಒಂದು ರೊಟ್ಟಿ ಬಡಿಯಲಿ. ಒಂದು ಸಾಕು. ಎರಡನೆಯದಕ್ಕೆ ಒತ್ತಾಯ ಬೇಡ. ಹರಿದರೆ ತಿದ್ದಬೇಡಿ, ಚೆನ್ನಾಗಿ ಬಂದರೆ ಚಿಕ್ಕ ಮಕ್ಕಳನ್ನು ಹೊಗಳುವಂತೆ ಹೊಗಳಬೇಡಿ. ನಾಡಿದ್ದು ಅದೇ ಹೊತ್ತಿಗೆ ಮತ್ತೆ ಒಂದು.

ಮೊದಲ ದಿನ ರೊಟ್ಟಿ ಹಂಚಿಗೆ ಹಾಕುವಾಗಲೇ ಹರಿಯಿತಂತೆ. ಸೊಸೆ ಏನೂ ಹೇಳದೆ ಅದನ್ನೇ ತಾನು ಉಂಡಳು. ಆಮೇಲಿನ ದಿನಗಳಲ್ಲಿ ಒಂದು ಎರಡಾಯಿತು, ಕೆಲವೊಮ್ಮೆ ಒಂದೂ ಆಗಲಿಲ್ಲ. ಹೀಗೇ ಸಾಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಹಿಟ್ಟನ್ನು ಮುಟ್ಟಿ ನೋಡಿ, ‘ಎಸರು ಸರಿಯಾಗಿ ಕುದಿದಿಲ್ಲ, ಹಿಟ್ಟಿಗೆ ಜಿಗಿ ಬಂದಿಲ್ಲ’ ಎಂದು ಸೊಸೆಯನ್ನು ಗದರಿದರು. ಆ ಸೊಸೆ ಅಂದು ನನಗೆ ಫೋನ್ ಮಾಡಿ ಅತ್ತಳು. ಎಷ್ಟೋ ತಿಂಗಳ ನಂತರ ಅತ್ತೆ ಒಂದು ವಿಷಯದ ಬಗ್ಗೆ ಅಭಿಪ್ರಾಯ ಹೇಳಿದ್ದರು! ಗುಳಿಗೆ ನಿಲ್ಲಿಸಿರಲಿಲ್ಲ, ವೈದ್ಯರು ಹೇಳಿದಷ್ಟು ಕಾಲ ಅದೂ ನಡೆಯಿತು. ಆದರೆ ಗುಳಿಗೆ ತೆರೆದ ಬಾಗಿಲಿನಿಂದ ಆ ತಾಯಿ ಹೊರಗೆ ಬಂದದ್ದು ರೊಟ್ಟಿಯ ದಾರಿಯಲ್ಲಿ.

ಇದು ನನ್ನ ಕಲ್ಪನೆಯ ಚಿಕಿತ್ಸೆಯಲ್ಲ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಸಣ್ಣ ಕೆಲಸದಿಂದ ಮನಸ್ಸನ್ನು ಎಬ್ಬಿಸುವ ಈ ವಿಧಾನವನ್ನು ನಮ್ಮ ಪಕ್ಕದ ಗೋವಾದಲ್ಲಿಯೇ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಸಾಕಷ್ಟು ತೀವ್ರ ಖಿನ್ನತೆ ಇದ್ದ ಜನರ ಜೊತೆ ಆರರಿಂದ ಎಂಟು ಬಾರಿ ಕುಳಿತು ಮಾತನಾಡಿದವರು ವೈದ್ಯರಲ್ಲ, ಮನಃಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನ. ಮೂರು ತಿಂಗಳ ನಂತರ ನೋಡಿದಾಗ ಈ ಗುಂಪಿನಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ಹಾಗೆ ಹೊರಬಂದವರು 39. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಈ ಅಧ್ಯಯನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಇದನ್ನು ಎಲ್ಲ ಕಡೆ ಹೇಳುತ್ತಿರುತ್ತೇನೆ, ಏಕೆಂದರೆ ಇದರಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದ ಅಕ್ಕಂದಿರಿಗೆ, ನಿವೃತ್ತ ಶಿಕ್ಷಕರಿಗೆ ಮಾಡಲು ಕೆಲಸವಿದೆ.

ನಡಿಗೆ, ವ್ಯಾಯಾಮದ ವಿಷಯವೂ ಹೀಗೆಯೇ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಖಿನ್ನತೆ ಇದ್ದ, ಐವತ್ತು ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 156 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಗುಳಿಗೆ, ಮೂರನೆಯದಕ್ಕೆ ಎರಡೂ. 16 ವಾರಗಳ ನಂತರ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸುಧಾರಿಸಿದ್ದವು. ಗುಳಿಗೆ ತೆಗೆದುಕೊಂಡವರಿಗೆ ಗುಣ ಬೇಗ ಕಂಡಿತ್ತು. ವ್ಯಾಯಾಮವೂ ಗುಳಿಗೆಯಷ್ಟೇ ಒಳ್ಳೆಯದು ಎಂದು ಈ ಅಧ್ಯಯನವನ್ನು ಉದಾಹರಿಸುವವರು ಒಂದು ವಿವರವನ್ನು ಬಿಟ್ಟುಬಿಡುತ್ತಾರೆ. ಅವರು ವ್ಯಾಯಾಮ ಮಾಡಿದ್ದು ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಮಾಡಿದ ಸಂಕಲ್ಪದಿಂದಲ್ಲ. ವಾರಕ್ಕೆ ಮೂರು ದಿನ, ಗುಂಪಾಗಿ, ನೋಡಿಕೊಳ್ಳುವವರ ಎದುರು ಮಾಡಿದ್ದರು. 2024ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ವಿಮರ್ಶೆ 218 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ನಡಿಗೆ ಅಥವಾ ಓಟ, ಯೋಗ, ಭಾರ ಎತ್ತುವ ವ್ಯಾಯಾಮ ಇವು ಖಿನ್ನತೆಯನ್ನು ತಗ್ಗಿಸುತ್ತವೆ ಎಂದು ಅದು ಹೇಳಿದೆ. ಹಾಗಾಗಿ ಯಾವುದು ಶ್ರೇಷ್ಠ ಎಂದು ಜಗಳವಾಡಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಅವರ ಚಪ್ಪಲಿ ತಂದಿಟ್ಟು, ನಿಮ್ಮದನ್ನೂ ಮೆಟ್ಟಿಕೊಳ್ಳಿ. ಉಣಕಲ್ ಕೆರೆಯೋ, ಕೆಲಗೇರಿ ಕೆರೆಯೋ, ನೃಪತುಂಗ ಬೆಟ್ಟವೋ, ಗದಗದವರಾದರೆ ಭೀಷ್ಮ ಕೆರೆಯೋ, ಏನೂ ಇಲ್ಲದಿದ್ದರೆ ಓಣಿಯ ತುದಿಯ ತನಕವೋ. ದಾರಿಯಲ್ಲಿ ಬುದ್ಧಿ ಹೇಳಬೇಡಿ. ಸುಮ್ಮನೆ ನಡೆದರೆ ಸಾಕು.

ಇಲ್ಲಿ ಒಂದು ಎಚ್ಚರ ಬೇಕು. ಬೆಳಗಿನ ಜಾವ ಎದ್ದು ನೀರು ತುಂಬಿಸಿ, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಕೂಲಿಗೋ ಕಚೇರಿಗೋ ಹೋಗಿ ಬಂದು ರಾತ್ರಿ ಹನ್ನೊಂದಕ್ಕೆ ಮಲಗುವ ಹೆಣ್ಣುಮಗಳಿಗೆ ‘ಇನ್ನೂ ಅರ್ಧ ಗಂಟೆ ಬೇಗ ಎದ್ದು ಯೋಗ ಮಾಡು’ ಎನ್ನುವುದು ಕ್ರೌರ್ಯ. ಆಕೆಗೆ ಬೇಕಾದ ಸಹಜ ಚಿಕಿತ್ಸೆ ನಿದ್ದೆ ಮತ್ತು ಕೆಲಸದಲ್ಲಿ ಪಾಲುದಾರ. ಬೆಟಗೇರಿಯ ತಾಯಿಗೆ ಕೆಲಸ ಮರಳಿ ಕೊಡುವುದು ಔಷಧವಾಯಿತು, ಇನ್ನೊಂದು ಮನೆಯಲ್ಲಿ ಕೆಲಸ ಇಳಿಸುವುದೇ ಔಷಧ. ಮನೆಯ ಗಂಡಸರು ಇದನ್ನು ಗಮನಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೆಳಕಿನ ಬಗ್ಗೆ ಧಾರವಾಡದವರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಮಲೆನಾಡಿನ ಅಂಚಿನಲ್ಲಿರುವ ಈ ಊರಿನಲ್ಲಿ ಜುಲೈ, ಆಗಸ್ಟ್ ಬಂತೆಂದರೆ ಜಿಟಿಜಿಟಿ ಮಳೆ, ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಾಗಿಲು ಹಾಕಿಕೊಂಡು ಟ್ಯೂಬ್‌ಲೈಟ್ ಕೆಳಗೆ ಕುಳಿತುಬಿಡುತ್ತೇವೆ. ನಮ್ಮ ಕಣ್ಣಿನ ಪರದೆಯಲ್ಲಿ ನೋಟಕ್ಕಾಗಿ ಇರುವ ಕೋಶಗಳಲ್ಲದೆ, ಹೊರಗೆ ಹಗಲೋ ಇರುಳೋ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಕೋಶಗಳೂ ಇವೆ. ಆ ಸುದ್ದಿಯ ಮೇಲೆ ದೇಹದ ಗಡಿಯಾರ ನಿಂತಿದೆ: ಯಾವಾಗ ನಿದ್ದೆಯ ಹಾರ್ಮೋನು ಮೆಲಟೋನಿನ್ ಸುರಿಯಬೇಕು, ಯಾವಾಗ ನಿಲ್ಲಬೇಕು ಎಂಬುದು. ಜೀವಕೋಶಗಳೊಳಗಿನ ಈ ಗಡಿಯಾರ ಹೇಗೆ ನಡೆಯುತ್ತದೆಂದು ಕಂಡುಹಿಡಿದವರಿಗೆ 2017ರ ನೊಬೆಲ್ ಪ್ರಶಸ್ತಿ ಬಂದಿದೆ. ಬೆಳಕನ್ನು ಅಳೆಯುವ ಮಾನ ಲಕ್ಸ್. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಮೋಡ ಮುಸುಕಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಚೊಕ್ಕ ಬಿಸಿಲಿನಲ್ಲಿ ಅದು ಲಕ್ಷದ ಹತ್ತಿರ ಹೋಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕೊಡೆ ಹಿಡಿದಾದರೂ ಬೆಳಿಗ್ಗೆ ಅರ್ಧ ಗಂಟೆ ಹೊರಗೆ ಇರಿ. ಪಡಸಾಲೆಯಲ್ಲಿ, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದರೂ ಆಯಿತು. ಸೂರ್ಯನನ್ನೇ ದಿಟ್ಟಿಸಿ ನೋಡುವುದು ಮಾತ್ರ ಬೇಡ, ಕಣ್ಣಿಗೆ ಅಪಾಯ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತಾರೆ. ಇದು ತಿರುವುಮುರುವಾಗಿಯೂ ನಿಜ: ನಿದ್ದೆ ಕೆಟ್ಟರೆ ಚಿಂತೆ ಹುಟ್ಟುತ್ತದೆ. ನಿದ್ದೆ ಬರದವರು ಸಾಮಾನ್ಯವಾಗಿ ರಾತ್ರಿ ಬೇಗ ಮಲಗಿ ನಿದ್ದೆಯನ್ನು ಹಿಡಿಯಲು ನೋಡುತ್ತಾರೆ, ಬೆಳಿಗ್ಗೆ ತಡವಾಗಿ ಏಳುತ್ತಾರೆ, ಮಧ್ಯಾಹ್ನ ಎರಡು ತಾಸು ಮಲಗುತ್ತಾರೆ. ಮೂರೂ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತವೆ. ರಾತ್ರಿ ನಿದ್ದೆ ಬಂದಿರಲಿ ಬಿಡಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಹಾಸಿಗೆಯಲ್ಲಿ ಹೊರಳಾಡುತ್ತ ಬಹಳ ಹೊತ್ತಾದರೆ ಎದ್ದು ಬೇರೆಡೆ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಿ. ಚಹಾ, ಕಾಫಿಯಲ್ಲಿರುವ ಕೆಫೀನ್ ಐದು ತಾಸಿನ ನಂತರವೂ ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ, ಆದ್ದರಿಂದ ಸಂಜೆಯ ಚಹಾ ಬಿಡಬೇಕು. ‘ಸ್ವಲ್ಪ ಕುಡಿದರೆ ನಿದ್ದೆ ಹತ್ತುತ್ತದೆ’ ಎನ್ನುವ ಗಂಡಸರು ಬಹಳ. ಮದ್ಯ ನಿದ್ದೆಯನ್ನು ಬೇಗ ತರುತ್ತದೆ, ನಡುರಾತ್ರಿ ಅದೇ ಎಬ್ಬಿಸುತ್ತದೆ, ಮರುದಿನದ ಮನಸ್ಸನ್ನು ಮತ್ತಷ್ಟು ಕೆಳಗೆ ತಳ್ಳುತ್ತದೆ. ಅದನ್ನು ಔಷಧಿ ಎಂದು ಯಾರೂ ಕುಡಿಯಬಾರದು.

ಊಟದ ವಿಷಯದಲ್ಲಿ ನಮ್ಮ ಭಾಗದವರಿಗೆ ಹೊರಗಿನವರು ಹೇಳಿಕೊಡಬೇಕಾದದ್ದು ಕಡಿಮೆ. ಆಸ್ಟ್ರೇಲಿಯಾದಲ್ಲಿ ಖಿನ್ನತೆ ಇದ್ದ 67 ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 12 ವಾರ ಸೊಪ್ಪು, ತರಕಾರಿ, ಹಣ್ಣು, ಇಡಿ ಧಾನ್ಯ, ಕಾಳು, ಬೀಜ, ಮೀನು ಹೆಚ್ಚಾಗಿರುವ ಊಟ ಮಾಡಿದವರಲ್ಲಿ ನೂರಕ್ಕೆ 32 ಜನ ಖಿನ್ನತೆಯಿಂದ ಹೊರಬಂದರು. ಊಟ ಬದಲಿಸದೆ ಬರೀ ಒಡನಾಟ ಸಿಕ್ಕ ಗುಂಪಿನಲ್ಲಿ ಹೊರಬಂದವರು 8. ಪ್ರಯೋಗ ಸಣ್ಣದು, ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೂ ಆ ಪಟ್ಟಿಯನ್ನು ಓದಿದಾಗ ನನ್ನ ಕಣ್ಣಿಗೆ ಕಂಡದ್ದು ನಮ್ಮ ಹಳ್ಳಿಯ ತಾಟು: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿ ಪಲ್ಯ, ಹಸಿ ಮೆಂತ್ಯ, ಈರುಳ್ಳಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು, ಮೊಸರು. ನಾವೇ ಅದನ್ನು ಬಿಟ್ಟು ಬೆಳಿಗ್ಗೆ ಬಿಸ್ಕತ್ತು, ಸಂಜೆ ಮಿರ್ಚಿ ಭಜಿ, ರಾತ್ರಿ ಪೊಟ್ಟಣದ ನೂಡಲ್ಸ್‌ಗೆ ಬಂದಿದ್ದೇವೆ. ಅಗಸಿಯಲ್ಲಿ ಒಮೆಗಾ–3 ಎಂಬ ಒಳ್ಳೆಯ ಕೊಬ್ಬು ಇದೆ, ಹಾಗಾಗಿ ಖಿನ್ನತೆ ಹೋಗುತ್ತದೆ ಎಂದು ಮೊಬೈಲ್‌ನಲ್ಲಿ ಬರುವ ಮಾತನ್ನು ಮಾತ್ರ ನಂಬಬೇಡಿ. ಅಗಸಿಯಲ್ಲಿರುವ ಬಗೆಯ ಕೊಬ್ಬು ನಮ್ಮ ದೇಹದಲ್ಲಿ ಮೀನಿನ ಬಗೆಯದಾಗಿ ಮಾರ್ಪಡುವುದು ತೀರಾ ಕಡಿಮೆ. ರುಚಿಗೆ, ಹೊಟ್ಟೆಗೆ, ಹೃದಯಕ್ಕೆ ಎಂದು ಉಣ್ಣಿ.

ಗಿಡಮೂಲಿಕೆಗಳ ಬಗ್ಗೆ ಕೇಳದೆ ಯಾರೂ ನನ್ನನ್ನು ಬಿಡುವುದಿಲ್ಲ. ಪಕ್ಕದ ಕಪ್ಪತಗುಡ್ಡ ಔಷಧಿ ಸಸ್ಯಗಳ ಕಣಜ, ಆ ಗುಡ್ಡದ ಬಗ್ಗೆ ನಮಗೆಲ್ಲ ಅಭಿಮಾನವಿದೆ. ಅಶ್ವಗಂಧ, ಅಂದರೆ ಹಿರೇಮದ್ದು, ಒತ್ತಡವನ್ನು ಸ್ವಲ್ಪ ಇಳಿಸಿ ನಿದ್ದೆಗೆ ಸಹಾಯ ಮಾಡುತ್ತದೆ ಎಂದು ಸಣ್ಣ ಸಣ್ಣ ಪ್ರಯೋಗಗಳು ತೋರಿಸಿವೆ. ಅದೇ ಅಶ್ವಗಂಧದಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳೂ ವರದಿಯಾಗಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಗರ್ಭಿಣಿಯರು, ಥೈರಾಯ್ಡ್ ಗುಳಿಗೆ ನುಂಗುವವರು, ಯಕೃತ್ತಿನ ತೊಂದರೆ ಇರುವವರು ಅದನ್ನು ತಾವಾಗಿ ತೆಗೆದುಕೊಳ್ಳಬಾರದು. ಗಿಡದಿಂದ ಬಂದದ್ದಕ್ಕೂ ದೇಹದಲ್ಲಿ ಕೆಲಸ ಮಾಡುವ ಶಕ್ತಿ ಇದ್ದರೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಆಯುರ್ವೇದ ವೈದ್ಯರ ಬಳಿ ಹೋಗಿ, ಸಂತೋಷ. ಆದರೆ ನೀವು ನುಂಗುತ್ತಿರುವ ಗುಳಿಗೆಗಳ ಚೀಟಿಯನ್ನು ಅವರಿಗೆ, ಅವರು ಕೊಟ್ಟದ್ದನ್ನು ಮನೋವೈದ್ಯರಿಗೆ ತೋರಿಸಿ.

ಇದರ ಜೊತೆಗೇ ಉಪವಾಸದ ಮಾತು. ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆಗೆ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಅಂಥವರು ಏಕಾದಶಿಗೋ ರಂಜಾನ್‌ಗೋ ನೀರು ಬಿಟ್ಟರೆ, ಅಥವಾ ಯಾರೋ ಹೇಳಿದರೆಂದು ಏಕಾಏಕಿ ಉಪ್ಪು ಬಿಟ್ಟರೆ, ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಕೈನಡುಕ, ವಾಂತಿ, ತೊದಲು ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಪವಾಸ ಮಾಡಬೇಕೆನಿಸಿದರೆ ಮೊದಲೇ ವೈದ್ಯರ ಜೊತೆ ಮಾತನಾಡಿ. ಹಾಗೆಯೇ ‘ಈಗ ಯೋಗ ಶುರುಮಾಡಿದ್ದೇನೆ’ ಎಂದು ಖಿನ್ನತೆಯ ಗುಳಿಗೆಯನ್ನು ಒಂದೇ ದಿನ ನಿಲ್ಲಿಸಬೇಡಿ. ತಲೆಸುತ್ತು, ಚಡಪಡಿಕೆ, ನಿದ್ದೆಗೇಡು ಬರುತ್ತದೆ, ಕಾಯಿಲೆಯೂ ಮರುಕಳಿಸಬಹುದು. ನಿಲ್ಲಿಸುವ ಕ್ರಮವೊಂದಿದೆ, ಹಂತಹಂತವಾಗಿ ಇಳಿಸಬೇಕು.

ಉಸಿರು ಮತ್ತು ಹಾಡಿನ ಬಗ್ಗೆ ಎರಡು ಮಾತು. ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡಿದಾಗ ಹೃದಯದ ಬಡಿತ ಮತ್ತು ರಕ್ತದೊತ್ತಡದ ಲಯ ಉಸಿರಿನ ಜೊತೆ ಹೊಂದಿಕೊಳ್ಳುತ್ತದೆ, ಎದೆಯ ಢವಢವ ತಗ್ಗುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು ಜಪಮಾಲೆ ಹಿಡಿದು ಪ್ರಾರ್ಥಿಸುವವರನ್ನೂ ಮಂತ್ರ ಹೇಳುವವರನ್ನೂ ಅಳೆದು ನೋಡಿದಾಗ, ಎರಡೂ ಕಡೆ ಉಸಿರು ತಾನಾಗಿ ನಿಮಿಷಕ್ಕೆ ಆರಕ್ಕೆ ಇಳಿದಿತ್ತು. ನಮ್ಮ ಭಜನಾ ಮಂಡಳಿಗಳಲ್ಲಿ ಉದ್ದುದ್ದ ಸಾಲು ಎಳೆದು ಹಾಡುವವರಿಗೂ ಉಸಿರು ಹಾಗೆಯೇ ದೀರ್ಘವಾಗುತ್ತದೆ, ಜೊತೆಗೆ ಪಕ್ಕದವನ ಹೆಗಲು ತಾಗುತ್ತದೆ. ಎರಡನೆಯದೇ ದೊಡ್ಡ ಲಾಭ ಎಂದು ನನ್ನ ಅನಿಸಿಕೆ. ಕಣ್ಣುಮುಚ್ಚಿ ಒಬ್ಬರೇ ದೀರ್ಘ ಧ್ಯಾನಕ್ಕೆ ಕೂರುವುದು ಎಲ್ಲರಿಗೂ ಹಿತವಲ್ಲ. ಹಿಂದೆ ತೀವ್ರ ಆಘಾತ ಅನುಭವಿಸಿದವರಿಗೆ, ಭ್ರಮೆಯ ಕಾಯಿಲೆ ಇದ್ದವರಿಗೆ ಅದು ಕಳವಳವನ್ನು ಹೆಚ್ಚಿಸಬಹುದು. ಅಂಥವರು ತಾಳ ಹಿಡಿದು ನಾಲ್ಕು ಜನರ ನಡುವೆ ಹಾಡಲಿ.

ಒಡನಾಟ ಎಂದಾಗ ಜಿಂಬಾಬ್ವೆ ದೇಶದ ಅಜ್ಜಿಯರನ್ನು ನೆನೆಯದಿರಲು ನನಗೆ ಆಗುವುದಿಲ್ಲ. ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದ ಆ ದೇಶದಲ್ಲಿ ಡಾ. ಡಿಕ್ಸನ್ ಚಿಬಾಂಡಾ ಎಂಬವರು ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚು ಹಾಕಿ ಕೂರಿಸಿದರು. ದುಃಖ ಇದ್ದವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಅಜ್ಜಿ ಕೇಳುತ್ತಾಳೆ, ಇರುವ ತೊಂದರೆಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ಏನು ಮಾಡಬಹುದೆಂದು ಇಬ್ಬರೂ ಸೇರಿ ಯೋಚಿಸುತ್ತಾರೆ. ರಾಜಧಾನಿ ಹರಾರೆಯ 24 ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಂಚಿಗೆ ಬಂದವರ ಖಿನ್ನತೆ ಎಂದಿನ ಆರೈಕೆ ಪಡೆದವರದಕ್ಕಿಂತ ಸ್ಪಷ್ಟವಾಗಿ ಇಳಿದಿತ್ತು. ನಮ್ಮ ಹಳ್ಳಿಗಳಲ್ಲಿ ಬೆಂಚು ತರಿಸಬೇಕಿಲ್ಲ, ಬೇವಿನ ಮರದ ಕಟ್ಟೆಗಳು ಇವೆ. ಆದರೆ ನಮ್ಮ ಕಟ್ಟೆಯಲ್ಲಿ ಗಂಡಸರೇ ಕೂರುತ್ತಾರೆ, ಅಲ್ಲಿ ರಾಜಕಾರಣದ ಮಾತು ನಡೆಯುತ್ತದೆ, ಒಬ್ಬ ತನ್ನ ನೋವು ಹೇಳಿಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಹರಡುತ್ತದೆ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹಿರಿಯರು, ಮುಖ್ಯವಾಗಿ ಹಿರಿಯ ಹೆಣ್ಣುಮಕ್ಕಳು, ಒಂದೊಂದು ಓಣಿಗೆ ಇಬ್ಬರಾದರೂ ಸಿದ್ಧರಾದರೆ ದೊಡ್ಡ ಕೆಲಸ ಆಗುತ್ತದೆ.

ದೇವರ ಹರಕೆ, ಮಠ, ದರ್ಗಾ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಸಿಗುವ ಧೈರ್ಯ ನಿಜವಾದದ್ದು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಚಿಕಿತ್ಸೆಯೂ ಸಿಗುವ ವ್ಯವಸ್ಥೆ ಮಾಡಿದ್ದಾರೆ. ಆದರೆ ಕಾಯಿಲೆಯವರನ್ನು ಕಟ್ಟಿಹಾಕುವ, ಹೊಡೆಯುವ, ಉಪವಾಸ ಕೆಡವುವ ಜಾಗ ಯಾವುದೇ ಇರಲಿ, ಅಲ್ಲಿಂದ ಕೂಡಲೇ ಹೊರಗೆ ಕರೆತನ್ನಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಂಡಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಜನ ಓಡಲಾಗದೆ ಸತ್ತರು. ಅದು ಮತ್ತೆ ಎಲ್ಲಿಯೂ ಆಗಬಾರದು.

ಹಾವೇರಿ, ಗದಗ ಕಡೆಯ ರೈತ ಕುಟುಂಬಗಳಿಗೆ ನಾನು ‘ದೀರ್ಘವಾಗಿ ಉಸಿರಾಡಿ’ ಎಂದು ಹೇಳಿ ಕಳಿಸಲಾರೆ. ಮೆಕ್ಕೆಜೋಳದ ದರ ಬಿದ್ದಿದ್ದರೆ, ಮೆಣಸಿನಕಾಯಿ ಮಳೆಗೆ ಸಿಕ್ಕಿದ್ದರೆ, ಸಾಲದವರು ಬಾಗಿಲಿಗೆ ಬಂದಿದ್ದರೆ, ಆ ಸಂಕಟದ ಬೇರು ಮನಸ್ಸಿನಲ್ಲಿಲ್ಲ. ಸಾಲದ ಲೆಕ್ಕವನ್ನು ಒಬ್ಬರೇ ಹೊರದೆ ಮನೆಯವರ ಮುಂದೆ ಕಾಗದದಲ್ಲಿ ಬರೆದಿಡುವುದು, ಬೆಳೆ ವಿಮೆ, ಪರಿಹಾರದ ಅರ್ಜಿಗೆ ಜೊತೆಗೊಬ್ಬರು ಹೋಗುವುದು, ಇವೂ ಮನಸ್ಸಿನ ಆರೈಕೆಯೇ. ಮತ್ತೆ, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯ ಮೂಲೆಯಲ್ಲಿ ಇಡಬೇಡಿ. ಕೀಲಿ ಹಾಕಿ ಇಡಿ, ಕೀಲಿ ಇನ್ನೊಬ್ಬರ ಬಳಿ ಇರಲಿ. ಸಾಯಬೇಕೆನ್ನುವ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದರೆ ಜೀವ ಉಳಿಯುತ್ತದೆ.

ಮಾತು ಮುಗಿದ ಮೇಲೆ ಸಪ್ತಾಪುರದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿರುವ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: ‘ನಮ್ಮಲ್ಲಿ ಪರೀಕ್ಷೆಗೆ ಓದುವ ಹುಡುಗನೊಬ್ಬ ಇದ್ದಾನೆ. ಮೊದಲು ಮಾತನಾಡುತ್ತಿದ್ದ. ಈಗ ಹಗಲೂ ಬಾಗಿಲು ತೆಗೆಯುವುದಿಲ್ಲ, ಊಟದ ಡಬ್ಬಿ ಹಾಗೇ ಇರುತ್ತದೆ. ನಾನು ಅವನ ತಾಯಿಯಲ್ಲ, ಏನು ಮಾಡಲಿ?’

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ನೇಮಕಾತಿಗಾಗಿ ವರ್ಷಗಟ್ಟಲೆ ಕಾಯುತ್ತ ಒಂಟಿ ಕೋಣೆಯಲ್ಲಿರುವ ಹುಡುಗ ಹುಡುಗಿಯರು ಈ ಊರಿನಲ್ಲಿ ಬಹಳ ಜನ ಇದ್ದಾರೆ. ಅಕ್ಕ, ಇಂದು ಸಂಜೆಯೇ ಎರಡು ಕಪ್ ಚಹಾ ತೆಗೆದುಕೊಂಡು ಹೋಗಿ ಬಾಗಿಲು ಬಡಿಯಿರಿ. ‘ತಮ್ಮಾ, ಊಟ ಬಿಟ್ಟಿದ್ದೀಯ, ನನಗೆ ಕಾಳಜಿ ಆಗುತ್ತಿದೆ’ ಎಂದು ಕಂಡದ್ದನ್ನೇ ಹೇಳಿ. ಪರೀಕ್ಷೆಯ ಮಾತು ಬೇಡ. ಅವನು ಮಾತನಾಡಿದರೆ ನಡುವೆ ಬಾಯಿ ಹಾಕದೆ ಕೇಳಿ. ‘ಬದುಕೇ ಬೇಡ ಎನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಲು ಹೆದರಬೇಡಿ. ಹಾಗೆ ಕೇಳುವುದರಿಂದ ಇಲ್ಲದ ವಿಚಾರ ತಲೆಗೆ ಹೊಕ್ಕುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ, ಅವನಿಗೆ ತಿಳಿಸಿಯೇ ಊರಿಗೆ ಫೋನ್ ಮಾಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು, ದುಡ್ಡು ಬೇಕಿಲ್ಲ. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ, ಏನು ಮಾಡಬೇಕೆಂದು ತಿಳಿಯದ ನೀವೂ ಮಾಡಬಹುದು. ಪೊಲೀಸರ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಬೇಕಾದದ್ದು ಆರೈಕೆ. ಆಸ್ಪತ್ರೆಗೆ ಬರಲು ಒಪ್ಪಿದರೆ ಡಿಮ್ಹಾನ್ಸ್ ನಿಮ್ಮ ಮನೆಯಿಂದ ದೂರವಿಲ್ಲ, ನೀವೇ ಜೊತೆಗೆ ಬನ್ನಿ. ಬರುವಾಗ ಅವನ ಕೋಣೆಯಲ್ಲಿರುವ ಗುಳಿಗೆ, ಪುಡಿ, ಕಷಾಯ, ನಿದ್ದೆಯ ಔಷಧಿ ಏನೇ ಇದ್ದರೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ವೈದ್ಯರಿಗೆ ಅದು ಬೇಕಾಗುತ್ತದೆ.